ಮೊದಲು ಗುಂಡಿ ತೋಡಿಸಿ, ಆಮೇಲೆ ಟೆಂಡರ್ ಬಗೆ ಆರಿಸಿ

ಗದಗ ಜಿಲ್ಲೆಯ ಎರೆ ಭೂಮಿಯಲ್ಲಿ ಸರ್ಕಾರಿ ಕಟ್ಟಡ ಕಟ್ಟಿಸುವುದರಲ್ಲೇ ನನ್ನ ನೌಕರಿ ಕಳೆಯಿತು. ಹೊಸ ಜೆಇಗಳು (ಕಿರಿಯ ಎಂಜಿನಿಯರ್‌ಗಳು) ಈಗಲೂ ಫೋನ್ ಮಾಡುತ್ತಾರೆ. ಸರ್, ಇದಕ್ಕೆ ಐಟಂ ರೇಟ್ ಕರೆಯೋದಾ, ಪರ್ಸೆಂಟೇಜಾ, ಇಲ್ಲ ಲಂಪ್‌ಸಮ್ಮಾ? ನಾನು ತಿರುಗಿ ಕೇಳುವುದು ಒಂದೇ: ಜಾಗದಲ್ಲಿ ಗುಂಡಿ ತೋಡಿಸಿ ನೋಡಿದ್ರಾ?

ಇದು ಪೆಟ್ಟು ತಿಂದು ಕಲಿತದ್ದು. ಒಂದು ಹಾಸ್ಟೆಲ್‌ಗೆ ಲಂಪ್‌ಸಮ್, ಅಂದರೆ ಇಡೀ ಕೆಲಸಕ್ಕೆ ಒಂದೇ ಮೊತ್ತದ ಟೆಂಡರ್ ಕರೆದೆವು. ನಕ್ಷೆ ರೆಡಿ ಇತ್ತು, ಬೇರೆ ಊರಲ್ಲಿ ಅದೇ ಮಾದರಿ ಕಟ್ಟಡ ಎದ್ದಿತ್ತು, ಒಂದೇ ಮೊತ್ತ ಆದರೆ ಲೆಕ್ಕ ಸಲೀಸು, ಅಳತೆ ಪುಸ್ತಕದ ಕೆಲಸವೂ ಕಡಿಮೆ ಅಂತ ಟಿಪ್ಪಣಿ ಬರೆದವನು ನಾನೇ. ನಕ್ಷೆಯಲ್ಲಿ ಪಾಯದ ಆಳ ಒಂದೂವರೆ ಮೀಟರ್. ಮೂರು ಮೀಟರ್ ತೋಡಿದರೂ ಕಪ್ಪು ಮಣ್ಣೇ, ಗಟ್ಟಿ ಗರಸು ಸಿಗಲಿಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ಪಾಯ ನಿಲ್ಲಿಸುವ ಹಾಗಿಲ್ಲ. ಹೆಚ್ಚಿನ ಖರ್ಚು ಯಾರದು? ನಕ್ಷೆ ನಿಮ್ಮದು ಅಂತ ಗುತ್ತಿಗೆದಾರರು, ಒಟ್ಟು ಮೊತ್ತಕ್ಕೆ ಒಪ್ಪಿದ್ದೀರಿ ಅಂತ ನಾವು. ಎಂಟು ತಿಂಗಳು ಕೆಲಸ ನಿಂತಿತು. ಮಕ್ಕಳು ಇನ್ನೊಂದು ವರ್ಷ ಬಾಡಿಗೆ ಕಟ್ಟಡದಲ್ಲೇ ಉಳಿದರು. ಗುತ್ತಿಗೆದಾರರ ಮಾತಲ್ಲಿ ನ್ಯಾಯ ಇತ್ತು, ನಾವೇ ನೋಡದ ನೆಲದ ಹೊಣೆಯನ್ನು ಅವರ ತಲೆಗೆ ಕಟ್ಟಿದ್ದೆವು.

ಆಮೇಲೆ ಅಂದಾಜು ಪಟ್ಟಿಗೂ ಮೊದಲೇ ನಾಲ್ಕು ಮೂಲೆಗೆ ಗುಂಡಿ, ನಡುವೆ ಒಂದು. ನೆಲದ ಬಗ್ಗೆ ಅನುಮಾನ ಉಳಿದರೆ ಐಟಂ ರೇಟ್: ಅಗೆತಕ್ಕೊಂದು ದರ, ಕಾಂಕ್ರೀಟ್‌ಗೊಂದು ದರ, ಆದಷ್ಟು ಅಳೆದು ಬಿಲ್. ಇಲ್ಲೂ ಎಚ್ಚರ ಬೇಕು. ಯಾವ ಐಟಂ ಜಾಸ್ತಿ ಆಗುತ್ತದೆ ಅಂತ ಪಳಗಿದ ಗುತ್ತಿಗೆದಾರರಿಗೆ ಮೊದಲೇ ಗೊತ್ತಿರುತ್ತದೆ, ಅದರ ದರ ಏರಿಸಿ, ಉಳಿದದ್ದು ಇಳಿಸಿ, ಒಟ್ಟಿನಲ್ಲಿ ಎಲ್-1 (ಎಲ್ಲರಿಗಿಂತ ಕಡಿಮೆ ಮೊತ್ತದವರು) ಆಗಿಬಿಡುತ್ತಾರೆ. ಅದಕ್ಕೇ ಒಂದೊಂದು ದರವನ್ನೂ ಎಸ್‌ಆರ್ (ಇಲಾಖೆಯ ದರಪಟ್ಟಿ) ಪಕ್ಕ ಇಟ್ಟು ನೋಡುತ್ತಿದ್ದೆ. ಕಾಂಪೌಂಡ್ ಗೋಡೆ, ಡಾಂಬರು ಕೆಲಸಕ್ಕೆ ಪರ್ಸೆಂಟೇಜ್ ಸಾಕು, ನಮ್ಮ ಅಂದಾಜಿಗಿಂತ ಶೇಕಡಾ ಎಷ್ಟು ಹೆಚ್ಚು ಇಲ್ಲವೇ ಕಡಿಮೆ ಅಂತ ಗುತ್ತಿಗೆದಾರರು ಹೇಳಿದರಾಯಿತು. ಆದರೆ ಅಂದಾಜಿಗಿಂತ ತೀರಾ ಬಿಲೋ (ಕಡಿಮೆ) ಹಾಕಿದವರಿಂದ ದರ ವಿಶ್ಲೇಷಣೆ, ಹೆಚ್ಚುವರಿ ಭದ್ರತಾ ಠೇವಣಿ ತಗೊಳ್ಳಲೇಬೇಕು.

ಇನ್ನು 4(ಜಿ). ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ರಾಜ್ಯ ತಂದ 1999ರ ಪಾರದರ್ಶಕತೆ ಕಾಯ್ದೆಯಲ್ಲಿ ಟೆಂಡರ್ ಇಲ್ಲದೆ ಕೆಲಸ ಕೊಡಲು ಸರ್ಕಾರ ಈ ಕಲಂ ಅಡಿ ವಿನಾಯಿತಿ ಕೊಡಬಹುದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ನಮ್ಮ ಜಿಲ್ಲೆಯ ಕೊಣ್ಣೂರಿಗೆ ನುಗ್ಗಿದಾಗ ಟೆಂಡರ್‌ಗೆ ಕಾಯುವ ಹೊತ್ತಲ್ಲ, ಅಂಥ ವಿಕೋಪಕ್ಕೆ ಕಾಯ್ದೆಯಲ್ಲೇ ಬೇರೆ ಅವಕಾಶ ಇದೆ. ಆದರೆ ವರ್ಷವಿಡೀ ಸುಮ್ನೆ ಕೂತು ಮಾರ್ಚ್‌ನಲ್ಲಿ ಅನುದಾನ ವಾಪಸ್ ಹೋಗುತ್ತದೆ ಅಂತ 4(ಜಿ) ಕೇಳುವುದು, ಇಲ್ಲವೇ ಟೆಂಡರ್ ತಪ್ಪಿಸಲು ಒಂದು ಕೆಲಸ ಒಡೆದು ತುಂಡು ಗುತ್ತಿಗೆ ಮಾಡುವುದು ತಪ್ಪು. ಅಂಥ ಫೈಲ್‌ಗೆ ನಾನು ಸಹಿ ಹಾಕಲಿಲ್ಲ.

ಕಳೆದ ತಿಂಗಳು ಒಬ್ಬ ಜೆಇ ಶಾಲೆಯ ಜಾಗದಲ್ಲಿ ಗುಂಡಿ ತೋಡಿಸಿದ. ಮೂರು ಮೂಲೆಯಲ್ಲಿ ಗರಸು, ನಾಲ್ಕನೆಯದರಲ್ಲಿ ಮುಚ್ಚಿದ ಹಳೇ ಬಾವಿ. ಕಟ್ಟಡವನ್ನು ಹತ್ತು ಮೀಟರ್ ಸರಿಸಿ ನಕ್ಷೆ ಬರೆಸಿದ್ದಾನೆ, ಟೆಂಡರ್ ಇನ್ನೂ ಕರೆದಿಲ್ಲ.