ಹಾರ್ನ್‌ಗಳ ನಡುವೆ ಮಾತು ಉಳಿಸಿಕೊಳ್ಳುವುದು: ಫ್ರೀ ಜಾಝ್ ಫಂಕ್ ತಂಡದಲ್ಲಿ ರ‍್ಯಾಪ್

ನಮ್ಮದು ಫ್ರೀ ಜಾಝ್ (ಮೊದಲೇ ಬರೆದಿಡದೆ ಮುಕ್ತವಾಗಿ ನುಡಿಸುವ ಜಾಝ್) ಮತ್ತು ಫಂಕ್ (ಗಟ್ಟಿ ಬೀಟಿನ ಕುಣಿತದ ಸಂಗೀತ) ಬೆರೆಸುವ ಎಂಟು ಜನರ ತಂಡ: ಡ್ರಮ್ಸ್, ಬಾಸ್, ಗಿಟಾರ್, ಆಲ್ಟೊ ಮತ್ತು ಬ್ಯಾರಿಟೋನ್ ಸ್ಯಾಕ್ಸೊಫೋನ್, ಟ್ರಂಪೆಟ್, ಟ್ರಾಂಬೋನ್, ಜೊತೆಗೆ ಒಬ್ಬ ರ‍್ಯಾಪರ್. ಇಂಥ ತಂಡದಲ್ಲಿ ಮೊದಲು ಸೋಲುವುದು ಮಾತು. ನಾಲ್ಕು ಹಾರ್ನ್ (ಊದುವ ವಾದ್ಯ) ಒಟ್ಟಿಗೆ ಕೂಗಿದರೆ ಸಿಟ್ಟಿದೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ, ಯಾರ ಮೇಲೆ, ಯಾಕೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ರಾಜಕೀಯ ಹಾಡಿಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಹಾಗಾಗಿ ಅರೇಂಜ್‌ಮೆಂಟನ್ನು, ಅಂದರೆ ಯಾರು ಯಾವಾಗ ಏನು ನುಡಿಸಬೇಕು ಅನ್ನುವುದನ್ನು, ಮಾತಿನಿಂದಲೇ ಶುರು ಮಾಡುತ್ತೇವೆ.

ಟೆಂಪೊ ಸಾಮಾನ್ಯವಾಗಿ ನಿಮಿಷಕ್ಕೆ 96 ಏಟು. ಅಂದರೆ ನಾಲ್ಕು ಏಟಿನ ಒಂದು ಬಾರ್‌ಗೆ (ತಾಳದ ಒಂದು ಸುತ್ತಿಗೆ) ಎರಡೂವರೆ ಸೆಕೆಂಡು, 16 ಬಾರ್‌ನ ಪದ್ಯಕ್ಕೆ 40 ಸೆಕೆಂಡು. ಒಂದು ಬಾರನ್ನು 16 ಮಾತ್ರೆ ಅಂದುಕೊಂಡು, ಲಘುವಿಗೆ ಒಂದು, ಗುರುವಿಗೆ ಎರಡು ಎಣಿಸುತ್ತಾ 12ಕ್ಕೆ, ಹೆಚ್ಚೆಂದರೆ 13ಕ್ಕೆ ಸಾಲು ಮುಗಿಸಬೇಕು. ಉಳಿದದ್ದು ಉಸಿರಿಗೆ, ಹಾರ್ನ್‌ಗಳ ಉತ್ತರಕ್ಕೆ. ಹದಿನಾರನ್ನೂ ತುಂಬಿಸಿದರೆ ನಾಲ್ಕನೇ ಸಾಲಿಗೆ ಉಸಿರು ಸಾಲದೆ ಕೊನೆಯ ಅಕ್ಷರಗಳು ಗಂಟಲಲ್ಲೇ ಉಳಿಯುತ್ತವೆ. ಅಂತ್ಯಪ್ರಾಸ ಇರುವುದೇ ಅಲ್ಲಿ.

ಬರೆಯುವಾಗ "ವ್ಯವಸ್ಥೆ", "ದಬ್ಬಾಳಿಕೆ" ಥರದ ಪದಗಳನ್ನು ಹೊಡೆದುಹಾಕಿ, ಏನಾಯಿತು, ಯಾರು ಆದೇಶ ಕೊಟ್ಟರು ಎಂದು ಬರೆಯುತ್ತೇವೆ. ಅಮೆರಿಕದ ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಈ ದಾರಿ ಮೊದಲೇ ತೋರಿಸಿದ್ದಾರೆ. ಲಿಟಲ್ ರಾಕ್‌ನಲ್ಲಿ 1957ರಲ್ಲಿ ಕಪ್ಪು ವಿದ್ಯಾರ್ಥಿಗಳನ್ನು ಶಾಲೆಯ ಬಾಗಿಲಲ್ಲಿ ತಡೆಸಿದ ಅರ್ಕಾನ್ಸಸ್ ಗವರ್ನರ್ ಓರ್ವಲ್ ಫೌಬಸ್‌ನ ಹೆಸರನ್ನೇ ಅವರು ಹಾಡಿಗಿಟ್ಟರು. 1959ರ ರೆಕಾರ್ಡಿನಲ್ಲಿ ಮಾತಿರಲಿಲ್ಲ. 1960ರಲ್ಲಿ ಕ್ಯಾಂಡಿಡ್ ಲೇಬಲ್‌ಗೆ ನುಡಿಸಿದಾಗ ಮಿಂಗಸ್ ಪ್ರಶ್ನೆ ಕೂಗುತ್ತಾರೆ, ಡ್ರಮ್ಮರ್ ಡ್ಯಾನಿ ರಿಚ್ಮಂಡ್ ಉತ್ತರ ಕೊಡುತ್ತಾರೆ. ನಮ್ಮ ಪಲ್ಲವಿಯ ಅಚ್ಚು ಇದೇ: ರ‍್ಯಾಪರ್‌ನದು ಪ್ರಶ್ನೆ, ತಂಡದ್ದು ಒಂದೇ ಪದದ ಉತ್ತರ.

ಇನ್ನು ನೆಲದ, ಅಂದರೆ ಎಲ್ಲರೂ ನಿಲ್ಲುವ ಬೀಟಿನ ವಿಷಯ. ಗಟ್ಟಿ ಬೀಟ್ ಇಟ್ಟುಕೊಂಡೇ ಎಲ್ಲರೂ ಏಕಕಾಲಕ್ಕೆ ಮುಕ್ತವಾಗಿ ನುಡಿಸಬಹುದು ಎಂಬುದಕ್ಕೆ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ 1970ರ ದಶಕದಲ್ಲಿ ಕಟ್ಟಿದ ಪ್ರೈಮ್ ಟೈಮ್ ತಂಡವೇ ಸಾಕ್ಷಿ. ಗಾಯಕ ಜೇಮ್ಸ್ ಬ್ರೌನ್‌ರ ಫಂಕ್‌ನಲ್ಲಿ ಎಲ್ಲ ಭಾರವೂ ಬಾರ್‌ನ ಮೊದಲ ಏಟಿನ ಮೇಲೆ. ನಾವು ಎರಡನ್ನೂ ಒಂದು ನಿಯಮಕ್ಕೆ ಕಟ್ಟಿದ್ದೇವೆ: ಬಾಸ್, ಡ್ರಮ್ಸ್ ಇಬ್ಬರಲ್ಲಿ ಒಬ್ಬರು ಯಾವಾಗಲೂ ನೆಲದ ಮೇಲಿರಬೇಕು. ಡ್ರಮ್ಮರ್ ಬಿಟ್ಟು ಹಾರಿದರೆ ಬಾಸ್ ಎರಡೇ ಸ್ವರಕ್ಕೆ ಇಳಿದು ಒಂದನೇ ಏಟನ್ನು ಕಾಯುತ್ತಾರೆ. ಇಬ್ಬರೂ ಹಾರಿದರೆ ನಾಲ್ಕೈದು ನಿಮಿಷದಲ್ಲಿ ವೇಗ ಏರಿರುತ್ತದೆ. 96ಕ್ಕೆ ಬರೆದ ಪದ್ಯವನ್ನು 108ರಲ್ಲಿ ಹೇಳಿದರೆ ವ್ಯಂಜನಗಳು ಒಂದರ ಮೇಲೊಂದು ಬೀಳುತ್ತವೆ.

ಮುಕ್ತವಾಗಿ ನುಡಿಸುವುದರಿಂದ ಬೀಟಿಗೆ ವಾಪಸ್ ಬರುವುದಕ್ಕೆ ಕೈಸನ್ನೆ ಬೇಕು. ಜಾಝ್ ಸಂಗೀತಗಾರ ಬುಚ್ ಮಾರಿಸ್ 1985ರಿಂದ ಕಂಡಕ್ಷನ್ ಹೆಸರಲ್ಲಿ ಸನ್ನೆಗಳ ಒಂದು ಇಡೀ ಭಾಷೆಯನ್ನೇ ಬೆಳೆಸಿದರು, ನಮಗೆ ಮೂರು ಸಾಕು. ಮುಷ್ಟಿ ಅಂದರೆ ನಿಲ್ಲು, ಬಿಚ್ಚಿದ ಅಂಗೈ ಅಂದರೆ ಈಗಿನ ಸ್ವರವನ್ನೇ ಎಳೆ, ಒಂದು ಬೆರಳು ಅಂದರೆ ಮುಂದಿನ ಬಾರ್‌ನ ಮೊದಲ ಏಟಿಗೆ ಗ್ರೂವ್ (ಎಲ್ಲರೂ ಕೂಡಿ ಹಿಡಿಯುವ ಬೀಟ್). ಬೆರಳು ಎತ್ತುವುದು ಹಿಂದಿನ ಬಾರ್‌ನ ಮೊದಲ ಏಟಿನಲ್ಲೇ. ಮೂರನೇ ಏಟಿನಲ್ಲಿ ಎತ್ತಿದರೆ ಟ್ರಾಂಬೋನಿಗೆ ಉಸಿರು ತೆಗೆದುಕೊಳ್ಳಲೂ ಸಮಯವಿರದೆ ಒಂದನೇ ಏಟು ಒಡೆದ ಗಡಿಗೆಯಂತೆ ಕೇಳುತ್ತದೆ. ಸನ್ನೆ ಬಾಸಿಸ್ಟ್‌ನದು. ಕಣ್ಣು ಮುಚ್ಚಿ ಊದುವವರು ನಾಲ್ಕು ಬಾರ್‌ಗೊಮ್ಮೆ ಅತ್ತ ನೋಡಲೇಬೇಕು.

ಪದ್ಯ ನಡೆಯುವಾಗ ಡ್ರಮ್ಸ್‌ನ ದೊಡ್ಡ ಸಿಂಬಲ್‌ಗಳಾದ (ಲೋಹದ ತಟ್ಟೆಗಳು) ರೈಡ್, ಕ್ರ್ಯಾಶ್ ಎರಡೂ ಬಂದ್, ಬರೀ ಮುಚ್ಚಿದ ಹೈಹ್ಯಾಟ್ (ಜೋಡಿ ತಟ್ಟೆ). ಸಿಂಬಲ್‌ನ ಮೊಳಗು ತ, ಕ, ಸ, ಚಗಳನ್ನು ನುಂಗುತ್ತದೆ. ಸದ್ದು ಬೆರೆಸುವಾಗ ಹಾರ್ನ್‌ಗಳ ಗುಂಪಿನಲ್ಲಿ 2.5 ಕಿಲೋಹರ್ಟ್ಸ್ ಸುತ್ತ 3 ಡಿಬಿ (ಡೆಸಿಬಲ್) ಇಳಿಸಿ, ದನಿಗೆ 110 ಹರ್ಟ್ಸ್ ಕೆಳಗೆ ಕತ್ತರಿ ಹಾಕುತ್ತೇವೆ. ದನಿಯ ಕಂಪ್ರೆಸರ್ (ಜೋರಾದ ಸದ್ದನ್ನು ತಗ್ಗಿಸುವ ಸಾಧನ) 3:1, ಅಟ್ಯಾಕ್ (ಅದು ತಗ್ಗಿಸಲು ಹಿಡಿಯುವ ಸಮಯ) 15 ಮಿಲಿಸೆಕೆಂಡು. ಅದಕ್ಕಿಂತ ಚುರುಕಾದರೆ ವ್ಯಂಜನದ ಮೊನೆ ಮೊಂಡಾಗುತ್ತದೆ. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಅಭ್ಯಾಸವನ್ನು ಬಿಡಿಸಲೇಬೇಕು. ಹಾಗೆ ಹಿಡಿದರೆ ಹಿಂದಿನ ಸದ್ದನ್ನು ತಡೆಯುವ ರಂಧ್ರಗಳು ಮುಚ್ಚಿ ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುತ್ತದೆ, ಫೀಡ್‌ಬ್ಯಾಕ್ (ಸ್ಪೀಕರಿನ ಕೀರಲು ಸದ್ದು) ಶುರುವಾಗುತ್ತದೆ.

ರಿಹರ್ಸಲ್‌ನ ಕೊನೆಗೆ ಕೋಣೆಯ ಹಿಂಬದಿಯಲ್ಲಿ ಫೋನಿಟ್ಟು ರೆಕಾರ್ಡ್ ಮಾಡಿ, ಸಾಹಿತ್ಯ ಓದಿರದ ಒಬ್ಬರಿಗೆ ಕೊಟ್ಟು, ಕೇಳಿಸಿದ್ದನ್ನು ಬರೆಯಲು ಹೇಳುತ್ತೇವೆ. ನಾಲ್ಕು ಸಾಲಿಗೆ ಮೂರು ಸರಿ ಬರದಿದ್ದರೆ ಮೊದಲು ಬ್ಯಾರಿಟೋನನ್ನು ಪದ್ಯದಿಂದ ತೆಗೆಯುತ್ತೇವೆ, ಆಮೇಲೆ ಗಿಟಾರನ್ನು. ದನಿಯ ವಾಲ್ಯೂಮ್ ಮುಟ್ಟುವುದು ಅದಾದ ಮೇಲೆ.