ಅಪ್ಪನ ಸೆಟುಕ್ಸಿಮ್ಯಾಬ್: ಮೊದಲು ರಿಪೋರ್ಟು, ಆಮೇಲೆ ಚರ್ಮ

ಅಪ್ಪನ ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹಬ್ಬಿದಾಗ, ಕೀಮೋ ಜೊತೆ ಸೆಟುಕ್ಸಿಮ್ಯಾಬ್ ಕೊಡಬಹುದು ಎಂದರು ಡಾಕ್ಟರು. ಈಗಷ್ಟೇ ಈ ಹೆಸರು ಕೇಳಿದ ಮನೆಯವರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ.

ದುಡ್ಡು ಹೊಂದಿಸುವ ಮೊದಲು ರಾಸ್ ಟೆಸ್ಟ್ ಆಗಿದೆಯಾ ಕೇಳಿ. ಇವು ಗಡ್ಡೆಯ ಕಣದೊಳಗಿನ ಜೀನ್‌ಗಳು: ಕೆ-ರಾಸ್, ಎನ್-ರಾಸ್ ಎರಡೂ, ಜೊತೆಗೆ ಬಿ-ರಾಫ್. ನಮ್ಮ ತೋಟದ ಪಂಪ್‌ಸೆಟ್ ನೆನೆಸಿಕೊಂಡಾಗಲೇ ನನಗೆ ಇದು ಅರ್ಥವಾಗಿದ್ದು. ಕ್ಯಾನ್ಸರ್ ಕಣದ ಹೊರಮೈಯಲ್ಲಿ ಇಜಿಎಫ್‌ಆರ್ ಎಂಬ ಪ್ರೋಟೀನ್ ಇರುತ್ತದೆ. ಅದು ಸ್ಟಾರ್ಟರ್ ಇದ್ದ ಹಾಗೆ. ಬೆಳೆಯುವುದಕ್ಕೆ ಸೂಚನೆ ಅಲ್ಲಿಂದ ಒಳಗೆ ಹೋಗುತ್ತದೆ. ಈ ಔಷಧಿ ಆ ಸ್ಟಾರ್ಟರನ್ನು ಒತ್ತಲು ಬಿಡುವುದಿಲ್ಲ. ಒಳಗಿನ ರಾಸ್ ಕೆಟ್ಟಿದ್ದರೆ ಲೈನ್ ಡೈರೆಕ್ಟ್ ಕೊಟ್ಟ ಹಾಗೆ, ಮೋಟಾರು ಓಡುತ್ತಲೇ ಇರುತ್ತದೆ ಅಲ್ವಾ? ನೂರರಲ್ಲಿ ಸುಮಾರು 40 ಜನಕ್ಕೆ ಕೆ-ರಾಸ್ ಕೆಟ್ಟಿರುತ್ತದೆ. ಅವರಿಗೆ ಮಾಮೂಲಿ ಕೀಮೋ ಜೊತೆ ಇದನ್ನು ಕೊಟ್ಟು ಪ್ರಯೋಜನವಿಲ್ಲ. ರಾಸ್ ರಿಪೋರ್ಟಿನಲ್ಲಿ ‘ವೈಲ್ಡ್ ಟೈಪ್’, ಅಂದರೆ ಕೆಟ್ಟಿಲ್ಲ, ಎಂದಿರಬೇಕು. ಗಡ್ಡೆ ಕರುಳಿನ ಯಾವ ಕಡೆ ಶುರುವಾಯಿತು ಅಂತಲೂ ಕೇಳಿ. ಎಡಗಡೆಯದಕ್ಕೆ ಫಲ ಜಾಸ್ತಿ.

ಈ ಟೆಸ್ಟಿಗೆ ಸಾಮಾನ್ಯವಾಗಿ ಹಳೇ ಬಯಾಪ್ಸಿಯ ಬ್ಲಾಕ್ ಸಾಕು. ಅದು ಊರಿನ ಲ್ಯಾಬಿನಲ್ಲೇ ಇದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಎಂಟು ದಿನ ಸುಮ್ನೆ ಹೋಯಿತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಮೇಣ, ಮೇಣದೊಳಗೆ ಅಪ್ಪನ ಗಡ್ಡೆಯ ಚೂರು. ಬಿಸಿಲಲ್ಲಿ ನಿಂತ ಕಾರಿನೊಳಗೆ ಅದನ್ನು ಬಿಡಬೇಡಿ.

ಜೋರಾದ ಅಲರ್ಜಿ ಆಗುವುದಿದ್ದರೆ ಹೆಚ್ಚಾಗಿ ಮೊದಲ ಡೋಸಿನಲ್ಲೇ. ಡ್ರಿಪ್ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಇರಿ. ಉಸಿರು ಕಟ್ಟಿದಂತಾದರೆ ತಕ್ಷಣ ನರ್ಸನ್ನು ಕರೆಯಿರಿ.

ಎರಡನೇ ವಾರ ಅಪ್ಪನ ಮೂಗು, ಕೆನ್ನೆ, ಎದೆಯ ಮೇಲೆಲ್ಲ ಗುಳ್ಳೆ. ನೋಡೋಕೆ ಮೊಡವೆ, ಆದರೆ ಮೊಡವೆಯಲ್ಲ. ಮೊಡವೆ ಕ್ರೀಮ್ ಹಚ್ಚಬೇಡಿ, ಚರ್ಮ ಇನ್ನೂ ಒಣಗುತ್ತದೆ. ಚರ್ಮಕ್ಕೂ ಇಜಿಎಫ್‌ಆರ್ ಬೇಕು, ಅದಕ್ಕೇ ಹೀಗಾಗುವುದು. ಗುಳ್ಳೆ ಬರುವ ಮೊದಲೇ, ಮೊದಲ ದಿನದಿಂದಲೇ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಶುರು ಮಾಡಿ. ಡಾಕ್ಸಿಸೈಕ್ಲಿನ್ ಮಾತ್ರೆ ಬೇಕಾ ಅಂತ ಡಾಕ್ಟರನ್ನೇ ಕೇಳಿ. ಅಪ್ಪ ಹಾಳೆ ಟೋಪಿ ಇಲ್ಲದೆ ಅಂಗಳಕ್ಕೂ ಇಳಿಯುತ್ತಿರಲಿಲ್ಲ. ಕೀವು, ಜ್ವರ ಬಂದರೆ ಮಾತ್ರ ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ.

ರಕ್ತದಲ್ಲಿ ಮೆಗ್ನೀಸಿಯಂ ಇಳಿಯುತ್ತದೆ. ಕೈಕಾಲು ಸೆಳೆತ, ವಿಪರೀತ ಸುಸ್ತು ಇದ್ದರೆ ಹೇಳಿ, ಟೆಸ್ಟ್ ಮಾಡಿಸಿ.

ನಾಲ್ಕನೇ ತಿಂಗಳು ಅಪ್ಪ ಕಣ್ಣು ಉಜ್ಜುತ್ತಲೇ ಇದ್ದರು. ಧೂಳು ಅಂದುಕೊಂಡೆವು. ಬೆಳಕಿಗೆ ಮುಖ ಹಿಡಿದು ನೋಡಿದರೆ ರೆಪ್ಪೆಗೂದಲು ಉದ್ದ ಬೆಳೆದು, ಸುರುಳಿಯಾಗಿ ಒಳಕ್ಕೆ ಚುಚ್ಚುತ್ತಿತ್ತು. ಅದೂ ಈ ಔಷಧಿಯದೇ ಕೆಲಸ. ಮನೆಯಲ್ಲಿ ಕತ್ತರಿ ಹಿಡಿಯಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ.