ಮಳೆಗಾಲ ಕಳೆದ ಮೇಲೆ ಬಾನವಿಲ್‌ಗೆ ಮೊದಲ ಕಿಕ್

ಧಾರವಾಡದ ಮಳೆಗೆ ಅಂಜಿ ಜೂನ್‌ನಲ್ಲಿ ಮುಚ್ಚಿಟ್ಟ ಟ್ರಯಂಫ್ ಬಾನವಿಲ್ ಟಿ120 ಬೈಕನ್ನು ಆಯುಧಪೂಜೆಗೆ ಹೊರತೆಗೆದವರು ಪೆಟ್ರೋಲ್ ತುಂಬಿಸಿದ ಕೂಡಲೇ ಕಿಕ್ ಹೊಡೆಯಬಾರದು. 1970ರವರೆಗಿನ ಗಾಡಿಗಳಲ್ಲಿ ಈ 649 ಸಿಸಿ ಎಂಜಿನ್ನಿನ ಆಯಿಲ್ ಬಲಬದಿಯ ಪ್ರತ್ಯೇಕ ಟ್ಯಾಂಕಿನಲ್ಲಿರುತ್ತದೆ. ಪಂಪಿನ ಸಣ್ಣ ಪ್ಲಂಜರ್ (ಒಳಗೆ ಮೇಲೆಕೆಳಗೆ ಓಡಾಡುವ ಕಡ್ಡಿ) ಅದನ್ನು ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕಿಗೆ ಕಳುಹಿಸಿದರೆ, ದೊಡ್ಡದು ಕೆಳಗಿಳಿದದ್ದನ್ನು ಎಳೆದು ಟ್ಯಾಂಕಿಗೆ ಮರಳಿಸುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಆಯಿಲ್ ಪಂಪಿನ ವಾಲ್ವ್ ದಾಟಿ, ಎಂಜಿನ್ ತಳದಲ್ಲಿ ಕ್ರ್ಯಾಂಕ್ ಇರುವ ಗೂಡಾದ ಕ್ರ್ಯಾಂಕ್‌ಕೇಸಿನೊಳಗೆ ಸೋರಿ ತುಂಬಿಕೊಳ್ಳುತ್ತದೆ. ಆಗ ಚಾಲೂ ಮಾಡಿದರೆ ಅದು ಗಾಳಿ ಹೊರಹೋಗುವ ಬ್ರೀದರ್‌ನಿಂದಲೂ ಸೀಲ್‌ಗಳಿಂದಲೂ ಹೊರನುಗ್ಗುತ್ತದೆ.

ಆದ್ದರಿಂದ ಅಡಿಯಲ್ಲಿ ಹಳೆಯ ಬೋಗುಣಿಯನ್ನಿಟ್ಟು, ಎಂಜಿನ್ ತಳದ ಪ್ಲಗ್ ಬಿಚ್ಚಿ, ಸೇರಿಕೊಂಡ ಆಯಿಲನ್ನು ಪೂರ್ತಿ ಇಳಿಸಿ, ಟ್ಯಾಂಕಿಗೆ ಹೊಸ ಆಯಿಲ್ ಹಾಕಬೇಕು. ಹುಬ್ಬಳ್ಳಿಯ ಯಾವ ಅಂಗಡಿಯಲ್ಲೂ ಸಿಗುವ ಮಿಲಿಮೀಟರ್ ಪಾನಾ ಇದಕ್ಕೆ ಸರಿಹೊಂದುವುದಿಲ್ಲ. ಅದನ್ನು ಬಲವಂತವಾಗಿ ಹಾಕಿ ಪ್ಲಗ್ಗಿನ ಮೂಲೆಗಳನ್ನು ಸವೆಸಿಕೊಂಡ ಮೇಲೆಯೇ ನಾನು ಇಂಚಿನ ಪಾನಾಗಳನ್ನು ಹುಡುಕಿ ತಂದದ್ದು. ಅಂಟಿಕೊಂಡಿರುವ ಕ್ಲಚ್ ಪ್ಲೇಟುಗಳು ಬಿಡುವಂತೆ, ಇಗ್ನಿಷನ್ ಆಫ್ ಇರುವಾಗಲೇ ಕ್ಲಚ್ ಹಿಡಿದು ನಾಲ್ಕಾರು ಸಲ ಕಿಕ್ ತುಳಿಯಿರಿ.

ಇನ್ನು ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ತೋಳಿನ ನಡುವಿನ ಸಣ್ಣ ಅಂತರ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಎರಡೂ ಸ್ಪಾರ್ಕ್ ಪ್ಲಗ್ ತೆಗೆದು, ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಟಾಪ್ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದರೆ ಎಂಜಿನ್ ಮೆಲ್ಲಗೆ ಸುತ್ತುತ್ತದೆ. 1937ರ ಸ್ಪೀಡ್ ಟ್ವಿನ್‌ನಲ್ಲಿ ಎಡ್ವರ್ಡ್ ಟರ್ನರ್ ರೂಪಿಸಿದ ವಿನ್ಯಾಸವೇ ಇಲ್ಲಿಯೂ ಇದೆ: ಎರಡು ಪಿಸ್ಟನ್‌ಗಳು ಜೋಡೆತ್ತುಗಳಂತೆ ಕೂಡಿಯೇ ಏರಿಳಿಯುತ್ತವೆ, ಆದರೆ ಒಂದು ಸುತ್ತಿಗೆ ಒಂದರಂತೆ ಸರದಿಯಲ್ಲಿ ಉರಿಯುತ್ತವೆ. ಇದರಿಂದ ನಮಗೊಂದು ಅನುಕೂಲವಿದೆ. ಎಡಗಡೆಯ ಇನ್‌ಲೆಟ್ (ಇಂಧನ ಒಳಬರುವ) ವಾಲ್ವ್ ಪೂರ್ತಿ ತೆರೆದಾಗ ಬಲಗಡೆಯದು ಖಂಡಿತವಾಗಿ ಮುಚ್ಚಿರುತ್ತದೆ. ಆಗ ಬಲಗಡೆಯದನ್ನು ಸರಿಪಡಿಸಿ, ಎಂಜಿನ್ನನ್ನು ಮತ್ತೆ ಒಂದು ಸುತ್ತು ತಿರುಗಿಸಿ ಎಡಗಡೆಯದನ್ನು ನೋಡಬೇಕು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗೂ ಇದೇ ಕ್ರಮ. ಅಂತರ ಇನ್‌ಲೆಟ್‌ಗೆ 0.002 ಇಂಚು, ಎಕ್ಸಾಸ್ಟ್‌ಗೆ 0.004 ಇಂಚು. ರಾಕರ್ ಕ್ಯಾಪಿನ ಕಿರಿದಾದ ತೂತಿನಲ್ಲಿ ಫೀಲರ್ ಗೇಜ್ (ಅಂತರ ಅಳೆಯುವ ತೆಳು ತಗಡು) ನೇರವಾಗಿ ಕೂಡುವುದಿಲ್ಲವಾದ್ದರಿಂದ, ರಾಕರ್ ಅನ್ನು ಬೆರಳಿನಿಂದ ಅಲುಗಾಡಿಸಿ, ಕಂಡೂ ಕಾಣದಷ್ಟು ಸಡಿಲವನ್ನು ಗುರುತಿಸುವ ಅಭ್ಯಾಸವೇ ಹೆಚ್ಚು ನಂಬಿಕೆಗೆ ಅರ್ಹವೆಂದು ನನ್ನ ಅನಿಸಿಕೆ. ಲಾಕ್‌ನಟ್ ಬಿಗಿಯುವಾಗ ಅಂತರ ಜರುಗುತ್ತದೆ. ಬಿಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿರಿ.

ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಕಾಂಟ್ಯಾಕ್ಟ್ ಪಾಯಿಂಟ್‌ಗಳನ್ನು ಒರೆಸಿ, ಅವುಗಳ ಅಂತರವನ್ನು 0.015 ಇಂಚಿಗೆ ಹೊಂದಿಸಿದರೆ ಸಾಕು. ಸ್ಪಾರ್ಕ್ ಪ್ಲಗ್ ಹಾಕಿ, ಎರಡೂ ಅಮಲ್ ಕಾರ್ಬುರೇಟರುಗಳ ಟಿಕ್ಲರ್ (ಪೆಟ್ರೋಲ್ ತುಂಬಿಸುವ ಗುಂಡಿ) ಒತ್ತಿ, ಪೆಟ್ರೋಲ್ ಜಿನುಗಿದ ಮೇಲೆ ಕಿಕ್ ಹೊಡೆಯಿರಿ. ಎಂಜಿನ್ ಹಿಡಿದ ಕೂಡಲೇ ಆಯಿಲ್ ಟ್ಯಾಂಕಿನ ಮುಚ್ಚಳ ತೆರೆದು, ಮರಳುವ ಕೊಳವೆಯ ಬಾಯಿಯನ್ನು ನೋಡಬೇಕು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿ ಆಯಿಲ್ ಗುಳ್ಳೆಗಳೊಂದಿಗೆ ಬಿಟ್ಟು ಬಿಟ್ಟು ಉಗುಳತೊಡಗುತ್ತದೆ. ಎಳೆಯುವ ಪ್ಲಂಜರ್ ದೊಡ್ಡದಾದ್ದರಿಂದ ಗಾಳಿಯೂ ಸೇರಿ ಬರುತ್ತದೆ, ಅದು ದೋಷವಲ್ಲ. ಏನೂ ಬರದಿದ್ದರೆ ತಕ್ಷಣ ಆಫ್ ಮಾಡಿ, ಪಂಪನ್ನು ಬಿಚ್ಚಿ ನೋಡುವವರೆಗೆ ಗಾಡಿಯನ್ನು ಕೆಲಗೇರಿ ಕೆರೆಯವರೆಗೂ ಒಯ್ಯಬೇಡಿರಿ.